ಎಣಿಕೆಗೆ ಬಾರದ ಟಗರು

ಗೋಕಾಕಕ್ಕೆ ಬಂದು ವಾರವೂ ಆಗಿರಲಿಲ್ಲ. ಕಲ್ಲೋಳಿಯ ಹೊರಗೆ, ಕಬ್ಬು ಕಡಿದ ಹೊಲವೊಂದರಲ್ಲಿ, ಅದೇ ಮೊದಲ ಸಲ ನೋಡುತ್ತಿದ್ದ ಹೆಂಗಸೊಬ್ಬಳು ನನ್ನ ಎರಡೂ ಅಂಗೈಗಳ ಮೇಲೆ ಸತ್ತ ಕುರಿಮರಿಯನ್ನು ಇಟ್ಟು, “ಹ್ಞೂಂ, ಬರಕೊಳ್ರಿ” ಎಂದಳು.

ಮರಿಯ ಮೈ ಇನ್ನೂ ಬೆಚ್ಚಗಿತ್ತು. ಮುಂಗಾಲುಗಳೆರಡೂ ಮಂಡಿಯಲ್ಲಿ ಮಡಚಿ ಎದೆಗೆ ಅಂಟಿಕೊಂಡಂತಿದ್ದವು. ಮೆಲ್ಲಗೆ ಬಿಡಿಸಲು ನೋಡಿದರೆ ಬರಲಿಲ್ಲ. ಹುಟ್ಟಿದಾಗ ಅದು ಉಸಿರಾಡಿತ್ತು, ಕೂಗಿಯೂ ಇತ್ತು. ಎದ್ದು ನಿಲ್ಲಲಾಗದೆ, ತಾಯಿಯ ಕೆಚ್ಚಲು ಸಿಗದೆ ಸತ್ತಿತ್ತು. ತಾಯಿಕುರಿ ಪಕ್ಕದಲ್ಲೇ ನಿಂತು ನನ್ನ ಕೈ ಮೂಸುತ್ತಿತ್ತು. ಎರಡೂ ಕೈ ತುಂಬಿರುವಾಗ ಬರೆಯುವುದು ಹೇಗೆಂದು ನಾನು ಕೇಳಲಿಲ್ಲ.

ಆ ಹೆಂಗಸು ಲಕ್ಕವ್ವ. ಅವಳ ಗಂಡ ಸಿದ್ದಪ್ಪ, ಅತ್ತೆ ಯಲ್ಲವ್ವ. ಕುರಿಯೇ ಅವರ ಬದುಕು. ಇಂಥ ಮರಿಗಳು ಹುಟ್ಟುತ್ತಿದ್ದದ್ದು ಅದು ಎರಡನೆಯ ಚಳಿಗಾಲ. ಯಲ್ಲವ್ವ ಅದನ್ನು ಗ್ರಹಣದ ಪೆಟ್ಟು ಎನ್ನುತ್ತಿದ್ದಳು. ಸಿದ್ದಪ್ಪ ಏನೂ ಹೇಳುತ್ತಿರಲಿಲ್ಲ. ಕಾರಣ ಏನಿರಬಹುದೆಂದು ತಿಳಿಯಲು ನಮ್ಮ ತಂಡ ಹೊರಟಿತ್ತು, ಮತ್ತು ಆ ತಂಡದಲ್ಲಿ ಹೊಲಕ್ಕೆ ಹೋಗುವವಳು ನಾನೊಬ್ಬಳೇ.

ನಮ್ಮ ಊರಿನ ಓದುಗರು ಕೇಳಬಹುದು, ಕುಂದಾಪುರದವಳು, ಮಂಗಳೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಅರ್ಧ ಆಯುಷ್ಯ ಕಳೆದವಳು, ಅಲ್ಲಿ ಕುರಿಗಳ ನಡುವೆ ಏನು ಮಾಡುತ್ತಿದ್ದಾಳೆ ಎಂದು. ನನ್ನ ಅಕ್ಕ ಫೋನಿನಲ್ಲಿ ಇದನ್ನೇ ಕೇಳಿದ್ದಳು: “ಎಂತ ಮಾರಾಯ್ತಿ, ಕುರಿ ಲೆಕ್ಕ ಮಾಡುಕೆ ಅಷ್ಟ್ ದೂರ ಹೋಯ್ಕಾ?” ಸುದ್ದಿಮನೆ ಚಿಕ್ಕದಾದಾಗ ನಾನು ಹೊರಬಿದ್ದೆ. ಧಾರವಾಡದಲ್ಲಿರುವ ಗಣಿತಜ್ಞೆ ಚಾರುಲತಾ ಅವರಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಕುರಿಹಿಂಡುಗಳ ಮಾಹಿತಿ ತಂದುಕೊಡುವವರು ಬೇಕಾಗಿತ್ತು. ಗಣಿತ ಬರಬೇಕೇ ಎಂದು ಕೇಳಿದೆ. “ಬೇಡ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಲು ನಾಚಿಕೆ ಇರಬಾರದು, ಅಷ್ಟೆ” ಎಂದರು. ಆ ಅರ್ಹತೆ ನನಗಿತ್ತು.

ಮನೆ ಸಿಕ್ಕಿದ್ದು ಗೋಕಾಕ ಪೇಟೆಯ ಜೈನ ವ್ಯಾಪಾರಿಗಳ ಮಾಳಿಗೆಯಲ್ಲಿ. ಮನೆಯೊಡತಿಯನ್ನು ಎಲ್ಲರೂ ಕಾಕು ಎನ್ನುತ್ತಾರೆ. ಮರಾಠಿಯಲ್ಲಿ ಚಿಕ್ಕಮ್ಮ ಎಂದ ಹಾಗೆ. ಪದ್ಮಾವತಿ ಕಾಕು ಮಗನೊಡನೆ ಮರಾಠಿ, ಗಿರಾಕಿಗಳೊಡನೆ ಕನ್ನಡ, ಸಿಟ್ಟು ಬಂದಾಗ ಎರಡನ್ನೂ ಮಾತನಾಡುತ್ತಾರೆ. ಬಾಡಿಗೆಗಿಂತ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ.

“ಮೀನಾ ತಿಂತೀರೇನ್ರಿ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಊರಿನಲ್ಲಿ ತಿನ್ನುತ್ತೇನೆ.”

“ಊರಾಗ ಏನರ ಮಾಡ್ರಿ. ಈ ಪಾವಟಿಗಿ ಏರಿದ ಮ್ಯಾಲ ತತ್ತಿ ಸುದ್ದಿ ಸೈತ ಬ್ಯಾಡ.” ಪಾವಟಿಗೆ ಎಂದರೆ ಮೆಟ್ಟಿಲು. ಸೂರ್ಯ ಮುಳುಗುವ ಮುನ್ನ ಅವರ ಮನೆಯ ಊಟ ಮುಗಿಯುತ್ತದೆ. ನಾನು ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹೊತ್ತಿಗೆ ಕೆಳಗೆ ಪಾತ್ರೆ ತೊಳೆದು ಬೋರಲು ಹಾಕಿರುತ್ತಿದ್ದರು. ಆದರೂ ಮೆಟ್ಟಿಲ ತುದಿಯಲ್ಲಿ ಜೋಳದ ಭಕ್ರಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಮೇಲೊಂದು ತಟ್ಟೆ ಮುಚ್ಚಿ ಇಟ್ಟಿರುತ್ತಿತ್ತು. ಅದರ ಬಗ್ಗೆ ಅವರು ಎಂದೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಕುಚ್ಚಲಕ್ಕಿ ಗಂಜಿಯ ನನ್ನ ಹೊಟ್ಟೆ ಭಕ್ರಿಗೆ ಒಗ್ಗಲು ಒಂದು ಬೇಸಿಗೆ ಬೇಕಾಯಿತು. ನಮ್ಮ ಕಡೆ ಅಡುಗೆ ಮೈಗೆ ತಂಪೋ ಉಷ್ಣವೋ ಎಂದು ನೋಡುತ್ತಾರೆ. ಇಲ್ಲಿ ಅದು ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಾರೆ.

ಭಾಷೆ ಕಷ್ಟವಾಗಲಿಲ್ಲ, ಅದೂ ಕನ್ನಡವೇ. ಕಷ್ಟವಾದದ್ದು ಕುರಿಗಾರರ ಉತ್ತರಗಳು.

“ನಿಮ್ಮ ಹತ್ತಿರ ಎಷ್ಟು ಕುರಿ ಇವೆ?”

“ಅದಾವರಿ.”

“ಎಷ್ಟು?”

“ಅದಾವಲ್ಲರಿ, ಕಾಣ್ತಾವಲ್ಲ.”

ಅದಾವ ಎಂದರೆ ಇವೆ. ಅಷ್ಟೇ. ಸಂಖ್ಯೆ ಬಾಯಿಂದ ಬಿದ್ದರೆ ಹಿಂಡಿಗೆ ಕಣ್ಣು ತಾಗುತ್ತದೆ ಎಂಬ ನಂಬಿಕೆ. ಸತ್ತದ್ದನ್ನು ಎಣಿಸಬಹುದು, ಮಾರಿದ್ದನ್ನು ಎಣಿಸಬಹುದು, ಬದುಕಿರುವುದನ್ನು ಎಣಿಸಬಾರದು. ನಮ್ಮ ಕಡೆ ದೋಣಿ ದಡಕ್ಕೆ ಬಂದ ಕೂಡಲೇ ಮೀನಿನ ಬುಟ್ಟಿಗಳನ್ನು ಕೂಗಿ ಎಣಿಸುತ್ತಾರೆ. ಅಲ್ಲಿ ಎಣಿಸುವುದೇ ಸಂಭ್ರಮ. ಇಲ್ಲಿ ನನ್ನ ಕೆಲಸವೇ ಅಪಶಕುನ.

ಚಾರುಲತಾ ಬೇರೆ ದಾರಿ ಹೇಳಿದರು. ಎಣಿಸಬೇಡಿ, ಹಲ್ಲು ನೋಡಿ. ಕುರಿಯ ವಯಸ್ಸು ಬಾಯಲ್ಲಿದೆ: ಹಾಲುಹಲ್ಲು, ಎರಡಲ್ಲು, ನಾಲ್ಕಲ್ಲು, ಆರಲ್ಲು, ಆಮೇಲೆ ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದು. ಜಂತಿನ ಔಷಧಿ ಹಾಕುವಾಗ ಸಿದ್ದಪ್ಪ ಒಂದೊಂದನ್ನೇ ತಂದು ಬಾಯಿ ತೆರೆಯುತ್ತಿದ್ದ. “ನಾಲ್ಕಲ್ಲು” ಎನ್ನುತ್ತಿದ್ದ, ನಾನು ಗೆರೆ ಎಳೆಯುತ್ತಿದ್ದೆ. ಗೆರೆಗಳನ್ನು ಕೂಡಿಸುವುದು ಅವರ ಕಣ್ಣಿಗೆ ಬೀಳದಂತೆ, ಬಸ್ಸಿನಲ್ಲಿ.

ಆ ಗೆರೆಗಳಿಂದ ಚಾರುಲತಾ ಮಾಡುತ್ತಿದ್ದ ಲೆಕ್ಕವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಹಿಂಡು ಒಂದೇ ತಲೆಮಾರಿನದಲ್ಲ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಚಳಿಗಾಲದಲ್ಲಿ ಮರಿ ಹಾಕುತ್ತವೆ. ಅವರು ಒಂದೊಂದು ವಯಸ್ಸಿಗೆ ಒಂದೊಂದು ಸಾಲು ಬರೆಯುತ್ತಾರೆ. ವರ್ಷ ಕಳೆದರೆ ಪ್ರತಿ ಸಾಲೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕೆಲವು ಸಾಯುತ್ತವೆ, ಕೆಲವನ್ನು ಮಾರುತ್ತಾರೆ, ಎಲ್ಲ ಸಾಲುಗಳಿಂದಲೂ ಹೊಸ ಮರಿಗಳು ಮೊದಲ ಸಾಲಿಗೆ ಬಂದು ಸೇರುತ್ತವೆ. ಇನ್ನು ದೋಷದ ವಿಷಯ. ಕಾಲು ಮಡಚುವ ದೋಷ ರಕ್ತದಲ್ಲಿ ಬರುವುದಾದರೆ, ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಪಾಲು ಬಂದಾಗಲಷ್ಟೇ ಅದು ಮರಿಯಲ್ಲಿ ಕಾಣುತ್ತದೆ. ಒಂದೇ ಪಾಲು ಹೊತ್ತ ಕುರಿ ಎಲ್ಲರಂತೆ ನಡೆಯುತ್ತದೆ, ಮೇಯುತ್ತದೆ, ಮಾರಾಟವಾಗುತ್ತದೆ. ಯಾರು ಹೊತ್ತಿದ್ದಾರೆಂದು ನೋಡಿ ಹೇಳಲಾಗದು. ಯಾವ ವಯಸ್ಸಿನ ತಾಯಿಗೆ ಎಂಥ ಮರಿ ಹುಟ್ಟಿತು ಎಂಬುದರಿಂದ ಊಹಿಸಬೇಕು.

ಊಹೆ ಒಂದು ಕಡೆಗೆ ಬೆರಳು ಮಾಡಿತು. ಮಡಚಿದ ಕಾಲಿನ ಮರಿಗಳು ಎರಡಲ್ಲಿನ ತಾಯಿಗೂ ಹುಟ್ಟಿದ್ದವು, ಬಾಯಿಗೂಡಿದ ತಾಯಿಗೂ ಹುಟ್ಟಿದ್ದವು. ಎಲ್ಲ ವಯಸ್ಸಿಗೂ ಸಮಾನವಾದದ್ದು ಒಂದೇ, ಆ ವರ್ಷದ ಟಗರು. ಗಂಡುಮರಿಗಳನ್ನೆಲ್ಲ ಮಾರಿ ಹಿಂಡಿಗೊಂದು ಟಗರು ಉಳಿಸಿಕೊಳ್ಳುವುದು, ನಾಲ್ಕಲ್ಲು ಬರುವಷ್ಟರಲ್ಲಿ ಅದನ್ನೂ ಮಾರುವುದು ಇಲ್ಲಿನ ರೂಢಿ. ಹಾಗಾಗಿ ಟಗರುಗಳ ಪಟ್ಟಿಯಲ್ಲಿ ಅದರಾಚೆಯ ವಯಸ್ಸುಗಳ ಮುಂದೆಲ್ಲ ಚಾರುಲತಾ ಸೊನ್ನೆ ಬರೆದಿದ್ದರು. ಸಿದ್ದಪ್ಪನನ್ನು ಎರಡು ಸಲ ಕೇಳಿದ್ದೆ. “ನಿಮ್ಮವು ಟಗರು ಎಷ್ಟು?” ಎರಡು ಸಲವೂ, “ನಮ್ಮದು ಇದೊಂದ ಐತ್ರಿ” ಎಂದಿದ್ದ.

ಅದು ಲಕ್ಕವ್ವ ಕೈಯಾರೆ ಹಾಲು ಕುಡಿಸಿ ಬೆಳೆಸಿದ ಟಗರು. ರಾಜಾ ಎಂದು ಕರೆದರೆ ಹಿಂಡು ಬಿಟ್ಟು ಓಡಿ ಬರುತ್ತಿತ್ತು. ಮಳೆಗಾಲದ ಮೊದಲು, ಕುರಿಗಳು ಬೆದೆಗೆ ಬರುವ ಮುನ್ನ, ಅದನ್ನು ಬದಲಿಸುವುದು ಒಳ್ಳೆಯದೆಂದು ನಾವು ಹೇಳಿದೆವು. ಲಕ್ಕವ್ವ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಸಂತೆಗೆ ಹೊಡೆದುಕೊಂಡು ಹೋಗುವಾಗ ಅದರ ಕೊರಳ ಹಗ್ಗವನ್ನು ಅವಳೇ ಹಿಡಿದಿದ್ದಳು. ಬೇರೆ ಯಾರು ಹಿಡಿದರೂ ಅದು ನಡೆಯುತ್ತಿರಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಹೊಸ ಟಗರಿನ ಮರಿಗಳು ಹುಟ್ಟತೊಡಗಿದವು. ಮೊದಲ ಕೆಲವು ಎದ್ದು ನಿಂತವು. ಆಮೇಲೊಂದು ಬೆಳಗ್ಗೆ ನಾನು ಬಸ್ಸಿಳಿದು ಹೊಲದ ಬದುವಿಗೆ ಬಂದಾಗ ಲಕ್ಕವ್ವ ಕಂಬಳಿಯೊಂದರ ಮುಂದೆ ಕುಳಿತಿದ್ದಳು. ಕಂಬಳಿಯ ಮೇಲೆ ಮಡಚಿದ ಕಾಲಿನ ಎರಡು ಮರಿಗಳು. ಈ ಸಲ ಅವಳು ಅವನ್ನು ನನ್ನ ಕೈಗೆ ಕೊಡಲಿಲ್ಲ.

“ನಿಮ್ಮ ಗಣಿತ ನನ್ನ ರಾಜಾನ ತಿಂತು, ಅಕ್ಕಾರ,” ಎಂದಳು. ದನಿ ಏರಿರಲಿಲ್ಲ. “ತಿಂದು ಹೊಟ್ಟಿ ತುಂಬಲಿಲ್ಲ ಅದಕ್ಕ.”

ಆ ಚಳಿಗಾಲ ಮುಗಿಯುವಷ್ಟರಲ್ಲಿ ಇನ್ನೂ ಕೆಲವು ಸತ್ತವು. ಸಿದ್ದಪ್ಪ ಕಡೆಗೊಮ್ಮೆ ಬಾಯಿ ಬಿಟ್ಟ. “ಮುಂದಿನ ಚಳಿಗಾಲಕ್ಕೂ ಹಿಂಗ ಆತಂದ್ರ ಹಿಂಡು ಮಾರತೇನ್ರಿ. ಕಬ್ಬಿನ ಟ್ರ್ಯಾಕ್ಟರ್ ಹೊಡ್ಯಾಕ ಹೋಗತೇನಿ. ಮೊದಲ ಹೇಳೀನಿ, ಆಮ್ಯಾಲ ಯಾರೂ ಅಳಬಾರದು.” ಅವನು ನನಗೆ ಹೇಳುತ್ತಿದ್ದರೂ ನೋಡುತ್ತಿದ್ದುದು ಹೆಂಡತಿಯನ್ನು. ಆ ಹಿಂಡಿನಲ್ಲಿ ಅರ್ಧ ಲಕ್ಕವ್ವನ ತವರಿನಿಂದ ಬಂದ ಕುರಿಗಳ ಸಂತಾನ. ಅವಳು ಎದ್ದು ಹೋದಳು.

ಧಾರವಾಡಕ್ಕೆ ಫೋನು ಮಾಡಿದೆ. ಚಾರುಲತಾ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ನೋಡಿದ್ದರು. “ಟಗರು ಬದಲಾದ ಮೇಲೂ ಎಲ್ಲ ವಯಸ್ಸಿನ ತಾಯಂದಿರಲ್ಲೂ ಬರುತ್ತಿದೆ. ರಾಜಾ ಒಂದೇ ಕಾರಣವಲ್ಲ, ಇನ್ನೇನೋ ಇದೆ. ನನ್ನ ಕೋಷ್ಟಕದ ಹೊರಗೆ ಇದೆ,” ಎಂದರು. ನಾನು ಆ ವಾರ ಕೆಲಸ ಬಿಟ್ಟು ಊರಿಗೆ ಹೋಗುವ ಯೋಚನೆ ಮಾಡಿದ್ದೆ. ಕಾಕು ನನ್ನ ಮುಖ ನೋಡಿ ಮೆಟ್ಟಿಲ ಬಳಿಯ ತಟ್ಟೆಯಲ್ಲಿ ಕರದಂಟಿನ ತುಂಡು ಇಟ್ಟಿದ್ದರು. “ಊರಿಗಿ ಹೋಗೂದಾದ್ರ ಮೊದಲ ಹೇಳ್ರಿ, ಜ್ವಾಳ ಕಡಿಮಿ ಬೀಸಸ್ತೇನಿ,” ಎಂದರು. ಅದು ಬೈಗುಳವೋ ಬೇಡಿಕೆಯೋ ತಿಳಿಯಲಿಲ್ಲ. ಉಳಿದೆ.

ಬೇಸಿಗೆ ಏರುವ ಮುನ್ನ ಉಣ್ಣೆ ಕತ್ತರಿಸುತ್ತಾರೆ. ಕುರಿಯನ್ನು ಕೆಡವಿ ಕಾಲು ಕಟ್ಟಿ, ದೊಡ್ಡ ಕತ್ತರಿಯಿಂದ ಮೈಗಂಟಿ ಬರುವ ಹಾಗೆ ಕತ್ತರಿಸುವ ಕೆಲಸ. ಕಪ್ಪು ಉಣ್ಣೆ ಕಂಬಳಿಯ ಮೇಲೆ ರಾಶಿ ಬೀಳುತ್ತಿತ್ತು. ನಾನು ಬೇವಿನ ನೆರಳಲ್ಲಿ ಕೂತು ನೋಡುತ್ತಿದ್ದೆ. ಕೊನೆಗೆ ಒಂದು ದೊಡ್ಡ ಟಗರನ್ನು ತಂದರು. ಕೊರಳಲ್ಲಿ ಗಂಟೆ, ಹಣೆಗೆ ಭಂಡಾರ, ಅಂದರೆ ದೇವರ ಅರಿಸಿನ. ಅದನ್ನು ನಾನು ಮೊದಲ ದಿನದಿಂದ ನೋಡಿದ್ದೆ. ಹಿಂಡಿನ ಮುಂದೆ ನಡೆಯುತ್ತಿತ್ತು. ನನ್ನ ಫೋನಿನಲ್ಲಿ ಅದರ ಚಿತ್ರಗಳೂ ಇದ್ದವು. ಅದು ದೇವರ ಟಗರೆಂದು ಯಾರೋ ಹೇಳಿದ್ದರು. ನಮ್ಮ ಕಡೆ ದೈವಕ್ಕೆ ಬಿಟ್ಟ ಕೋಳಿ ಅಂಗಳದಲ್ಲಿ ತಿರುಗಾಡಿಕೊಂಡಿರುತ್ತದಲ್ಲ, ಹಾಗೆ ಇದೂ ಒಂದು ಅಲಂಕಾರ ಎಂದುಕೊಂಡಿದ್ದೆ.

ಅದರ ಉಣ್ಣೆಯನ್ನು ಯಲ್ಲವ್ವ ಬೇರೆ ಬಟ್ಟೆಯಲ್ಲಿ ಹಿಡಿದಳು. ರಾಶಿಗೆ ಸೇರಿಸಲಿಲ್ಲ.

“ಇದ್ಯಾಕೆ ಬೇರೆ?” ಎಂದೆ.

“ಇದು ನಮ್ಮದಲ್ಲವಾ ತಂಗಿ. ಬೀರದೇವರದು. ಇದರ ಉಣ್ಣಿ ಆತನ ಗುಡಿಗಿ ಹೋಗಬೇಕು.”

“ನಿಮ್ಮದಲ್ಲ?”

“ದೇವರದಂದ್ರ ನಮ್ಮದ ಹೆಂಗ ಆದೀತು?”

ನಾನು ಸಿದ್ದಪ್ಪನ ಕಡೆ ತಿರುಗಿದೆ. ಔಷಧಿ ಹಾಕುವಾಗ ಇದರ ಹಲ್ಲು ನೋಡಿದ್ದೆವೇ ಎಂದು ಕೇಳಿದೆ. ಅವನು ಕತ್ತರಿ ಕೆಳಗಿಟ್ಟು ನನ್ನನ್ನು ವಿಚಿತ್ರವಾಗಿ ನೋಡಿದ. “ದೇವರ ಟಗರಿನ ಬಾಯಾಗ ಯಾರರ ಕೈ ಹಾಕ್ತಾರೇನ್ರಿ?”

“ವಯಸ್ಸು ಎಷ್ಟಿರಬಹುದು?”

ಉತ್ತರ ಕೊಟ್ಟವಳು ಲಕ್ಕವ್ವ. “ನಾ ಈ ಮನಿಗಿ ಲಗ್ನ ಆಗಿ ಬಂದ ವರ್ಷ ಬಿಟ್ಟದ್ದು. ಇವರಿಗಿ ಹಾವು ಕಡದಿತ್ತು, ಅತ್ತಿ ಹರಕಿ ಹೊತ್ತಿದ್ರು.”

“ಇದು ಕುರಿಗಳ ಜೊತೆ ಕೂಡುತ್ತದೆಯೇ?”

ಲಕ್ಕವ್ವ ನಕ್ಕಳು. “ಅದನ್ನ ತಡ್ಯಾವರ ಯಾರ್ರಿ?” ಎಂದವಳು ಅರ್ಧಕ್ಕೆ ನಗು ನಿಲ್ಲಿಸಿದಳು. ನಾನು ಏಕೆ ಕೇಳುತ್ತಿದ್ದೇನೆಂದು ಅವಳಿಗೆ ಹೊಳೆದಿತ್ತು. ಅತ್ತೆಯ ಕಡೆ ನೋಡಿದಳು, ಗಂಟೆಯ ಕಡೆ ನೋಡಿದಳು. ಸಿದ್ದಪ್ಪ ಕತ್ತರಿ ಎತ್ತಿಕೊಂಡು ಮತ್ತೆ ಕೆಲಸಕ್ಕೆ ಬಾಗಿದ.

ಅವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ನಿಮ್ಮವೆಷ್ಟು ಎಂದು ಕೇಳಿದ್ದಕ್ಕೆ ತಮ್ಮದನ್ನು ಹೇಳಿದ್ದರು. ಚಾರುಲತಾ ಸೊನ್ನೆ ಬರೆದಿದ್ದ ಜಾಗದಲ್ಲಿ ಇಷ್ಟು ವರ್ಷ ಈ ಟಗರು ಗಂಟೆ ಕಟ್ಟಿಕೊಂಡು ನಡೆದಾಡಿತ್ತು.

ಫೋನಿನಲ್ಲಿ ಇದನ್ನು ಚಾರುಲತಾ ಅವರಿಗೆ ಹೇಳಿದೆ. ಮರುದಿನ ಹೊಸ ಲೆಕ್ಕ ಬಂತು. ಇಷ್ಟು ವರ್ಷ ಉಳಿದ ಟಗರು ತನ್ನ ಮಗಳೊಡನೆ, ಮೊಮ್ಮಗಳೊಡನೆ ಕೂಡುತ್ತದೆ. ಅದು ದೋಷ ಹೊತ್ತಿದ್ದರೆ ಅವುಗಳಲ್ಲೂ ಕೆಲವು ಹೊತ್ತಿರುತ್ತವೆ, ಎಲ್ಲ ವಯಸ್ಸಿನ ತಾಯಂದಿರಲ್ಲೂ ಇಂಥ ಮರಿ ಹುಟ್ಟಬೇಕಾದದ್ದೇ. “ಆದರೆ ಎರಡು ಮಾತು. ಇದು ಇನ್ನೂ ಊಹೆ. ರಾಜಾ ನಿರ್ದೋಷಿಯಾಗಿತ್ತು ಎಂದೂ ನಾನು ಹೇಳಲಾರೆ,” ಎಂದರು. ಜೊತೆಗೊಂದು ಪ್ರಶ್ನೆ ಕೇಳಿದರು: “ಇಷ್ಟು ವರ್ಷದ ಟಗರಾದರೆ ಮೂರು ಚಳಿಗಾಲದ ಹಿಂದಷ್ಟೇ ಯಾಕೆ ಶುರುವಾಯಿತು? ಹಿಂಡಿನಲ್ಲಿ ಆಗ ಏನಾದರೂ ಬದಲಾಗಿತ್ತಾ?”

ಬದಲಾಗಿತ್ತು. ಸಿದ್ದಪ್ಪನ ಅಣ್ಣ ಬಾಳಪ್ಪ ಪಾಲು ಕೇಳಿ, ಅರ್ಧ ಹಿಂಡು ಒಡೆದುಕೊಂಡು ಹುಕ್ಕೇರಿಯ ಕಡೆ ಹೋಗಿದ್ದ. ಮೊದಲು ದೊಡ್ಡ ಹಿಂಡಿನಲ್ಲಿ ಟಗರುಗಳು ನಾಲ್ಕಾರು ಇದ್ದುದರಿಂದ ದೇವರ ಟಗರಿನ ಪಾಲಿಗೆ ಬೀಳುತ್ತಿದ್ದ ಕುರಿಗಳು ಕಡಿಮೆ. ಒಂದೋ ಎರಡೋ ಮರಿ ಸತ್ತರೆ ಯಾರೂ ಗಮನಿಸುತ್ತಿರಲಿಲ್ಲ. ಪಾಲಾದ ಮೇಲೆ ಚಿಕ್ಕ ಹಿಂಡಿನಲ್ಲಿ ಅದೇ ದೊಡ್ಡಣ್ಣನಾಯಿತು.

ಪಾಲಿನ ಕತೆ ಹೇಳುವಾಗ ಲಕ್ಕವ್ವ ಇನ್ನೊಂದು ಸಂಗತಿ ಹೇಳಿದಳು. ಹರಕೆಯ ಟಗರು ಇಷ್ಟು ವರ್ಷ ಉಳಿಯಬೇಕಾದದ್ದೇ ಅಲ್ಲ. ಬೆಳೆದ ಮೇಲೆ ಬೀರದೇವರ ಗುಡಿಯ ಮುಂದೆ ಬಲಿ ಒಪ್ಪಿಸಿ, ಮನೆತನದವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಒಬ್ಬ ಮಗ ಇಲ್ಲದಿದ್ದರೂ ಹರಕೆ ಮುಟ್ಟುವುದಿಲ್ಲ. ಅಣ್ಣ ತಮ್ಮಂದಿರ ಮನಸ್ಸು ಮುರಿದು ಬಹಳ ಕಾಲವಾಗಿತ್ತು; ಪ್ರತಿ ವರ್ಷ ಮುಂದಿನ ವರ್ಷ ಎಂದು ತಳ್ಳುತ್ತ ಬಂದಿದ್ದರು. ಒಂದು ಜಗಳ ಟಗರಿನ ಆಯುಷ್ಯವನ್ನು ಬೆಳೆಸಿತ್ತು.

ಯಲ್ಲವ್ವನಿಗೆ ಹೇಳುವ ಕೆಲಸ ನನಗೆ ಬಂತು. ಅವಳು ಕಂಬಳಿಗೆ ನೂಲು ತೆಗೆಯುತ್ತ ಎಲ್ಲ ಕೇಳಿದಳು. ಆಮೇಲೆ ತಿರುಗುಣಿ ನಿಲ್ಲಿಸಿದಳು.

“ನನ್ನ ಮಗನ ಜೀವಾ ಆ ಟಗರಿನ ಕೊರಳಾಗ ಕಟ್ಟೇನಿ. ದೇವರ ಹೆಸರಿಲೆ ಬಿಟ್ಟದ್ದು ಮರಿ ಕೊಲ್ಲತೈತೇನ?”

“ಅದಕ್ಕೂ ಗೊತ್ತಿಲ್ಲ ಅವ್ವಾ. ಅದರ ರಕ್ತದಲ್ಲಿದೆ.”

“ಹೋದ ವರ್ಷ ಆ ಸಣ್ಣ ಟಗರಿನ ರಕ್ತದಾಗ ಐತಿ ಅಂದಿ. ಈ ವರ್ಷ ದೇವರ ಟಗರು. ಬರೂ ವರ್ಷ ಯಾರು, ನಾನಾ?”

ಕುರಿಗಳಿಂದ ಅದನ್ನು ದೂರ ಕಟ್ಟಬಹುದಲ್ಲ ಎಂದೆ. “ದೇವರ ಕಾಲಿಗಿ ಹಗ್ಗಾ?” ಎಂದಳು. ಮತ್ತೆ ನೂಲು ತೆಗೆಯತೊಡಗಿದಳು. ಮಳೆಗೆ ಹೆಚ್ಚು ಕಾಲವಿರಲಿಲ್ಲ. ಮಳೆ ಬಿದ್ದು ಹಸಿರು ಕಂಡರೆ ಕುರಿಗಳು ಬೆದೆಗೆ ಬರುತ್ತವೆ. ಆ ಟಗರು ಆಗಲೂ ಹಿಂಡಿನಲ್ಲಿದ್ದರೆ ಮುಂದಿನ ಚಳಿಗಾಲವೂ ಹೀಗೆಯೇ. ಸಿದ್ದಪ್ಪ ಮಾತು ತಪ್ಪುವವನಲ್ಲ.

ಚಾರುಲತಾ ಪರೀಕ್ಷೆಯೊಂದನ್ನು ಹೇಳಿದರು. ಬಾಳಪ್ಪ ಒಯ್ದ ಅರ್ಧದಲ್ಲಿ ಈ ಟಗರಿನ ಹೆಣ್ಣುಮಕ್ಕಳೂ ಇರಲೇಬೇಕು. ಅಲ್ಲಿ ಟಗರು ಬೇರೆ. ಅಲ್ಲಿಯೂ ಮರಿಗಳು ಹೀಗೆ ಹುಟ್ಟುತ್ತಿದ್ದರೆ ನಮ್ಮ ಊಹೆ ಸುಳ್ಳು. ಹುಟ್ಟುತ್ತಿಲ್ಲವಾದರೆ ಬಲ ಬಂದಂತೆ.

ಹುಕ್ಕೇರಿಯ ಹೊರಗೆ ಬಾಳಪ್ಪನ ಹಿಂಡು ಹುಡುಕುವಷ್ಟರಲ್ಲಿ ಮಧ್ಯಾಹ್ನವಾಯಿತು. ತಮ್ಮನಿಗಿಂತ ದಪ್ಪ ಮೀಸೆ, ಅದೇ ಮೌನ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಯಾರು ಕಳಿಸ್ಯಾರ್ರಿ? ನಮ್ಮವ್ವೋ, ತಮ್ಮನೋ?”

“ಯಾರೂ ಕಳಿಸಿಲ್ಲ.”

“ಹಂಗಾದ್ರ ಕೂಡ್ರಿ. ಅವರು ಕಳಿಸಿದ್ರ ನಿಂದ್ರಿಸಿ ಮಾತಾಡ್ತಿದ್ದೆ.”

ನೀರು ಕೊಟ್ಟ. ಪಾಲಿನಲ್ಲಿ ಬಂದ ಕುರಿಗಳ ಕಿವಿಯ ಗುರುತು ತೋರಿಸಿದ. ಕಾಲು ಮಡಚಿದ ಮರಿ ಹುಟ್ಟಿದ್ದುಂಟೇ ಎಂದೆ. ಇಲ್ಲ ಎಂದ. ಸ್ವಲ್ಪ ಹೊತ್ತಿನ ಮೇಲೆ ಬೇರೆ ಮಾತಿನ ನಡುವೆ ಮತ್ತೆ ಕೇಳಿದೆ. ಅವನ ಹೆಂಡತಿಯನ್ನು ಬೇರೆಯಾಗಿ ಕೇಳಿದೆ. ಒಂದೂ ಇಲ್ಲ ಎಂದರು. ಹೊರಡುವ ಮುನ್ನ ನಾನು ಕೇಳಿದ್ದು ಏಕೆಂದು ಹೇಳಿದೆ. ಹೇಳದೆ ಬರುವುದು ಸರಿಯಲ್ಲ ಎನಿಸಿತು. ಬಾಳಪ್ಪ ಕೋಲಿನಿಂದ ನೆಲ ಗೀರುತ್ತ ಕೂತ.

“ಲಕ್ಕವ್ವನ ಕುರಿ ಎಲ್ಲಾ ಒಳ್ಳೇವ. ಮರಿ ಸಾಯಾಕತ್ತಾವಂತ ಯಾರೂ ಹೇಳಲಿಲ್ಲ ನನಗ.”

“ಹರಕೆ ಮುಟ್ಟಿಸಲು ನೀವು ಬಂದರೆ...”

“ನಮ್ಮವ್ವ ಬಂದು ಕರೀಲಿ.”

ಯಲ್ಲವ್ವ ಏನೆನ್ನುತ್ತಾಳೆಂದು ನನಗೆ ಗೊತ್ತಿತ್ತು. ‘ಹೋದವ ತಾನ ಬರಲಿ.’ ಅದನ್ನೇ ಅಂದಳು. ನಾನು ವರದಿ ಒಪ್ಪಿಸಿದೆ, ಲಕ್ಕವ್ವ ಕೇಳಿಸಿಕೊಂಡಳು. ಮರುದಿನ ಹಿಂಡಿನ ಬಳಿ ಅವಳಿರಲಿಲ್ಲ. ಬಸ್ಸು ಹತ್ತಿ ಹುಕ್ಕೇರಿಗೆ ಹೋಗಿದ್ದಳು. ಏನು ಬೇಡಿಕೊಂಡೆ ಎಂದು ಆಮೇಲೆ ಕೇಳಿದೆ.

“ಏನೂ ಬೇಡಲಿಲ್ಲರಿ. ಭಾವಾ, ದೇವರ ಹರಕಿ ಐತಿ, ಅದರಾಗ ನಿಮ್ಮ ತುತ್ತೂ ಐತಿ, ಬಂದು ಉಂಡು ಹೋಗ್ರಿ, ಮಾತಾಡಬ್ಯಾಡ್ರಿ ಅಂದೆ.”

ಬಾಳಪ್ಪ ಬಂದ. ಹೆಂಡತಿ ಮಕ್ಕಳೊಂದಿಗೆ ಬಂದು ಊರ ಹೊರಗಿನ ಬೀರದೇವರ ಗುಡಿಯ ಕಟ್ಟೆಯ ಮೇಲೆ ಕೂತ. ಯಲ್ಲವ್ವ ಅವನ ಮುಂದಿನಿಂದ ಮೂರು ನಾಲ್ಕು ಸಲ ಹಾದುಹೋದಳು, ನೋಡಲಿಲ್ಲ. ಸೊಸೆಯ ಕೈಯಲ್ಲಿ ನೀರು ಕಳಿಸಿದಳು. ಟಗರಿಗೆ ಭಂಡಾರ ಹಚ್ಚಿ, ಕೊರಳಿನ ಗಂಟೆಯನ್ನು ಬಿಚ್ಚಿ ಸಿದ್ದಪ್ಪನ ಕೈಗೆ ಕೊಟ್ಟಳು. ಕೊಡುವಾಗ ಆ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಆಮೇಲೆ, ಯಾರ ಕಡೆಯೂ ನೋಡದೆ, ಅಂದಳು: “ಸೊರಗೀಯಲ್ಲೋ.”

ಬಾಳಪ್ಪ ತಲೆ ತಗ್ಗಿಸಿ, “ಬಿಸಲು,” ಎಂದ.

ಮನೆತನದವರು ಪಂಕ್ತಿಯಲ್ಲಿ ಕೂತರು. ಹೊರಗಿನವರ ಪಂಕ್ತಿ ಆಮೇಲೆ. ನನ್ನ ಊಟ ಆಮೇಲಿನದರಲ್ಲಿ ಆಯಿತು. ರುಚಿ ನೆನಪಿಲ್ಲ. ಒಂದು ಸಲ ತಪ್ಪಾಗಿದ್ದ ಲೆಕ್ಕದ ಮಾತು ನಂಬಿ ಇವರು ತಮ್ಮ ಮಗನ ಜೀವದ ಗುರುತನ್ನು ಕೊಟ್ಟಿದ್ದರು, ಆ ಮಾತನ್ನು ಅವರ ಬಾಗಿಲಿಗೆ ತಂದವಳು ನಾನು. ಇದಷ್ಟೇ ಆಗ ತಲೆಯಲ್ಲಿದ್ದದ್ದು.

ಗೋಕಾಕಕ್ಕೆ ಮರಳಿದಾಗ ಕಾಕು ಬಾಗಿಲಲ್ಲೇ ಇದ್ದರು. ಎಲ್ಲಿ ಉಂಡು ಬಂದೆ ಎಂದು ಅವರಿಗೆ ಹೇಳಬೇಕಾಗಿರಲಿಲ್ಲ.

“ಬ್ಯಾರೆ ದಾರಿ ಇರಲಿಲ್ಲೇನ್ರಿ?” ಎಂದರು.

“ದೂರ ಕಟ್ಟಿ ಸಾಕಬಹುದಿತ್ತು. ಅವರು ಒಪ್ಪಲಿಲ್ಲ.”

“ನೀವು ಎಷ್ಟು ಸಲ ಕೇಳಿದ್ರಿ?”

ಒಂದು ಸಲ. ಕಾಕು ಹಿತ್ತಲಿನ ಬಚ್ಚಲಿನ ದೀಪ ಹಾಕಿದರು. “ಜಳಕಾ ಮಾಡಿ ಮ್ಯಾಲ ಹೋಗ್ರಿ,” ಎಂದು ಒಳಗೆ ಹೋದರು. ಆ ದಿನ ಮೆಟ್ಟಿಲ ತುದಿಯಲ್ಲಿ ತಟ್ಟೆ ಇರಲಿಲ್ಲ. ಮರುದಿನ ಇತ್ತು.

ರಾಜಾನ ಬದಲು ಬಂದಿದ್ದ ಟಗರಿಗೆ ನಾಲ್ಕಲ್ಲು ಬಂದಿತ್ತು; ಅದನ್ನು ಮಾರಿ, ಹೊಸ ಟಗರನ್ನು ಅಂಕಲಗಿಯ ಕಡೆಯ ದೂರದ ಹಿಂಡಿನಿಂದ ತಂದರು. ಅದೂ ಅದೇ ದೋಷ ಹೊತ್ತಿದ್ದರೆ ಎಂದು ಚಾರುಲತಾ ಅವರನ್ನು ಕೇಳಿದೆ. “ಸಾಧ್ಯತೆ ಕಡಿಮೆ. ಆದರೆ ನಾನಿನ್ನು ಯಾವ ಜಾಗದಲ್ಲೂ ಸುಲಭಕ್ಕೆ ಸೊನ್ನೆ ಬರೆಯುವುದಿಲ್ಲ,” ಎಂದರು. ಮಳೆ ಬಂತು. ಕುರಿಗಳು ಬೆದೆಗೆ ಬಂದವು. ಅದಾದ ಮೇಲೆ ಐದು ತಿಂಗಳು ಕಾಯಬೇಕಿತ್ತು. ನಡುವೆ ಊರಿಗೆ ಹೋಗಿಬಂದೆ. ಅಕ್ಕನ ಮನೆಯಲ್ಲಿ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಎರಡನೆಯ ದಿನ ಭಕ್ರಿ ಬೇಕೆನಿಸಿತು. “ಗೋಧಿ ಚಪಾತಿ ಮಾಡಿಕೊಡ್ಲಾ?” ಎಂದಳು ಅಕ್ಕ. ಅದಲ್ಲ ಎಂದು ಹೇಳಲು ಹೋಗಲಿಲ್ಲ. ಚಳಿಗಾಲದಲ್ಲಿ ನಡೆಯುವ ಮನೆಯ ಪೂಜೆಗೆ ಎಷ್ಟು ಊಟದೆಲೆ ಎಂದು ಲೆಕ್ಕ ಮಾಡುವಾಗ ಅವಳು ಬೆರಳು ಮಡಚುತ್ತ ನನ್ನ ಹತ್ತಿರ ಬಂದು ನಿಲ್ಲಿಸಿದಳು. “ನೀ ಆಗ ಇಲ್ಲಿರ್ತೆಯಾ?” ಅದು ಮರಿ ಹಾಕುವ ಹೊತ್ತು. ಇರುವುದಿಲ್ಲ ಎಂದೆ. ಆ ಬೆರಳು ಮಡಚಲಿಲ್ಲ.

ಈ ಚಳಿಗಾಲದಲ್ಲಿ ಮೊದಲ ಮರಿ ಹುಟ್ಟುವಾಗ ನಾನು ಅಲ್ಲೇ ಇದ್ದೆ. ಬಿಸಿಲೇರುವ ಹೊತ್ತು. ಮೊದಲ ವರ್ಷ ನನ್ನ ಕೈ ಮೂಸಿದ್ದ ಅದೇ ಕುರಿ. ಮರಿ ನೆಲಕ್ಕೆ ಬಿತ್ತು. ತಾಯಿ ನೆಕ್ಕಿತು. ಸಿದ್ದಪ್ಪ ಬೆನ್ನು ತಿರುಗಿಸಿ ನಿಂತಿದ್ದ. ಮರಿಯ ಮುಂಗಾಲು ಮಡಚಿತ್ತು. ಎಲ್ಲ ಮರಿಗಳದೂ ಆಗ ಮಡಚಿಯೇ ಇರುತ್ತದೆ. ಅದು ಒದ್ದಾಡಿತು, ಹಿಂಗಾಲು ಎತ್ತಿತು, ಮೂಗಿನ ಮೇಲೆ ಬಿತ್ತು. ಮತ್ತೆ ಎತ್ತಿತು. ಒಂದು ಮುಂಗಾಲು ಚಾಚಿತು. ಲಕ್ಕವ್ವ ನನ್ನ ಮೊಣಕೈ ಹಿಡಿದಿದ್ದಳು, ಎಷ್ಟು ಬಿಗಿಯಾಗಿ ಎಂದರೆ ಆಮೇಲೆ ಅಲ್ಲಿ ಗುರುತು ಉಳಿದಿತ್ತು. ಇನ್ನೊಂದು ಮುಂಗಾಲು ಚಾಚಿ, ನಡುಗುತ್ತ, ಮರಿ ನಿಂತಿತು.

“ನಿಂತೈತಿ,” ಎಂದಳು ಲಕ್ಕವ್ವ ಗಂಡನ ಬೆನ್ನಿಗೆ. ಅವನು ತಿರುಗಲಿಲ್ಲ, ಭುಜ ಮಾತ್ರ ಇಳಿಯಿತು.

ನಾನು ಅಭ್ಯಾಸಬಲದಿಂದ ಪುಸ್ತಕ ತೆಗೆದೆ. ಯಲ್ಲವ್ವನ ಕೈ ಬಂದು ಪುಟದ ಮೇಲೆ ಕೂತಿತು. “ಸತ್ತದ್ದನ್ನೆಲ್ಲ ಬರಕೊಂಡಿ, ಬ್ಯಾಡ ಅನಲಿಲ್ಲ. ಇದನ್ನ ಬರೀಬ್ಯಾಡ ತಂಗಿ.” ಪೆನ್ನು ಮುಚ್ಚಿದೆ.

ಮುಂದಿನ ವಾರಗಳಲ್ಲಿ ಉಳಿದ ಕುರಿಗಳೂ ಮರಿ ಹಾಕಿದವು. ಒಂದು ಮರಿ ಹುಟ್ಟುತ್ತಲೇ ಸತ್ತಿತ್ತು, ಅದರ ಕಾಲು ನೆಟ್ಟಗಿತ್ತು. ಮಡಚಿದ ಕಾಲು ಒಂದೂ ಇರಲಿಲ್ಲ. ಸಿದ್ದಪ್ಪ ಟ್ರ್ಯಾಕ್ಟರಿನ ಮಾತೆತ್ತಿಲ್ಲ. ಹಿಂಡಿನ ಮುಂದೆ ಈಗ ಗಂಟೆಯ ಸದ್ದಿಲ್ಲ. ಅದನ್ನು ಅವನು ಮನೆಯ ಜಂತಿಗೆ ಕಟ್ಟಿದ್ದಾನೆ.

ಕೊನೆಯ ಕುರಿ ಮರಿ ಹಾಕಿದ ದಿನ ಧಾರವಾಡದಿಂದ ಫೋನು ಬಂತು. ನಾನು ಹಿಂಡಿನ ನಡುವೆಯೇ ನಿಂತಿದ್ದೆ.

“ಒಟ್ಟು ಎಷ್ಟು ಮರಿ ಬದುಕಿವೆ?” ಎಂದರು ಚಾರುಲತಾ. ಸಹಜವಾದ ಪ್ರಶ್ನೆ, ನನಗೆ ಸಂಬಳ ಕೊಡುವುದು ಅದರ ಉತ್ತರಕ್ಕೇ.

“ಅದಾವರಿ,” ಎಂದೆ.

ನನಗೇ ನನ್ನ ಬಾಯಿಯ ಬಗ್ಗೆ ಆಶ್ಚರ್ಯವಾಯಿತು. ಹೊಲ ದಾಟಿ ರಸ್ತೆಗೆ ಬಂದೆ. ಹಿಂಡಿಗೆ ಬೆನ್ನು ಮಾಡಿ ನಿಂತೆ. ಫೋನಿನ ಸುತ್ತ ಅಂಗೈ ಮರೆಮಾಡಿ, ದನಿ ತಗ್ಗಿಸಿ, ಸಂಖ್ಯೆ ಹೇಳಿದೆ.